ಮಹಾಮಾರಿ ಮತ್ತು ಕಾರ್ಮಿಕ ಪರಿಹಾರ: ವೈದ್ಯಕೀಯ ಸೌಲಭ್ಯದ ಹಕ್ಕು ಎಲ್ಲಿಂದ ಎಲ್ಲಿಯವರೆಗೆ?

ಯಂತ್ರಕ್ಕೆ ಸಿಲುಕಿ ಬೆರಳು ಕಳೆದುಕೊಂಡ ಕಾರ್ಮಿಕ, ಗಾಯವಾದದ್ದು ಎಲ್ಲಿ, ಯಾವ ಪಾಳಿಯಲ್ಲಿ, ಯಾರ ಸಮಕ್ಷಮದಲ್ಲಿ ಎಂಬುದನ್ನು ಹೇಳಬಲ್ಲ. ವೈರಾಣು ದೇಹವನ್ನು ಹೊಕ್ಕ ಗಳಿಗೆಯನ್ನು ಮಾತ್ರ ಯಾರೂ ಹೇಳಲಾರರು. ಕಾರ್ಖಾನೆಯಲ್ಲೇ, ಬಸ್ಸಿನಲ್ಲೇ, ಮನೆಯಲ್ಲೇ? 2020ರಲ್ಲಿ ಕೋವಿಡ್-19 ದೇಶವನ್ನು ವ್ಯಾಪಿಸಿದಾಗ ಕಾರ್ಮಿಕ ಪರಿಹಾರದ ವ್ಯವಸ್ಥೆಯನ್ನು ಅತ್ಯಂತ ಕಠಿಣವಾಗಿ ಪರೀಕ್ಷಿಸಿದ್ದು ಈ ಒಂದು ಪ್ರಶ್ನೆ. ದುಡಿಯುವವನು ಆಸ್ಪತ್ರೆ ಸೇರಿದಾಗ ವೆಚ್ಚ ಯಾರದು, ಮನೆಯಲ್ಲಿ ಉಳಿದವರಿಗೆ ಆಸರೆ ಏನು ಎಂಬುದು ಬಹುಮಟ್ಟಿಗೆ ಇದರ ಉತ್ತರವನ್ನೇ ಅವಲಂಬಿಸಿತ್ತು.

ವಿಶ್ವ ಆರೋಗ್ಯ ಸಂಸ್ಥೆಯು ಕೋವಿಡ್ ಕುರಿತ ಜಾಗತಿಕ ತುರ್ತು ಸ್ಥಿತಿಯನ್ನು 2023ರ ಮೇ 5ರಂದು ಕೊನೆಗೊಳಿಸಿತು. ಆದರೆ ಮಹಾಮಾರಿಯ ಅವಧಿಯಲ್ಲಿ ಕೈಗೊಂಡ ಕ್ರಮಗಳು, ಅವುಗಳ ಸಾಧಕ ಬಾಧಕಗಳು ಮುಂದಿನ ಯಾವುದೇ ಸಾಂಕ್ರಾಮಿಕಕ್ಕೂ ದಾರಿದೀಪವಾಗಬಲ್ಲವು. ಅವುಗಳ ಸ್ಥೂಲ ಪರಿಚಯ ಇಲ್ಲಿದೆ.

ಎರಡು ಕಾನೂನು, ಎರಡು ದಾರಿ

ಭಾರತದಲ್ಲಿ ಕೋವಿಡ್ ಕಾಲದಲ್ಲಿ ಕಾರ್ಮಿಕ ಪರಿಹಾರ ಎರಡು ಕಾನೂನುಗಳ ಮೇಲೆ ನಿಂತಿತ್ತು. ಮೊದಲನೆಯದು 1923ರ ಕಾರ್ಮಿಕರ ಪರಿಹಾರ ಕಾಯ್ದೆ. 2009ರ ತಿದ್ದುಪಡಿಯಿಂದ ಇದು ನೌಕರರ ಪರಿಹಾರ ಕಾಯ್ದೆ ಎಂಬ ಹೆಸರು ಪಡೆಯಿತು. ಇದರಡಿ ಪರಿಹಾರ ನೀಡುವ ಹೊಣೆ ನೇರವಾಗಿ ಮಾಲೀಕನದು. ಕೆಲಸದ ಕಾರಣದಿಂದ ಉಂಟಾದ ಗಾಯಕ್ಕೆ ನೌಕರ ಮಾಡಿದ ವಾಸ್ತವ ಚಿಕಿತ್ಸಾ ವೆಚ್ಚವನ್ನು ಮರಳಿ ಕೊಡಬೇಕೆಂಬ ನಿಯಮ ಸೇರಿದ್ದೂ ಆ ತಿದ್ದುಪಡಿಯಿಂದಲೇ.

ಎರಡನೆಯದು 1948ರ ಕಾರ್ಮಿಕರ ರಾಜ್ಯ ವಿಮಾ ಕಾಯ್ದೆ, ಅಂದರೆ ಜನಬಳಕೆಯ ಮಾತಿನಲ್ಲಿ ಇಎಸ್‌ಐ. 1952ರ ಫೆಬ್ರವರಿ 24ರಂದು ಕಾನ್ಪುರ ಮತ್ತು ದೆಹಲಿಯಲ್ಲಿ ಆರಂಭವಾದ ಈ ಯೋಜನೆಯಲ್ಲಿ ಹೊಣೆ ವಿಮಾ ನಿಗಮದ್ದು. ಮಾಲೀಕ ಮತ್ತು ನೌಕರ ಇಬ್ಬರೂ ವಂತಿಗೆ ಕಟ್ಟುತ್ತಾರೆ. 2019ರ ಜುಲೈ 1ರಿಂದ ಮಾಲೀಕನ ಪಾಲನ್ನು ವೇತನದ ಶೇ. 3.25ಕ್ಕೆ, ನೌಕರನ ಪಾಲನ್ನು ಶೇ. 0.75ಕ್ಕೆ ಇಳಿಸಲಾಯಿತು. ಮಾಸಿಕ 21,000 ರೂಪಾಯಿ ವೇತನ ಮಿತಿ ಜಾರಿಗೆ ಬಂದದ್ದು 2017ರ ಜನವರಿ 1ರಿಂದ.

ಇಎಸ್‌ಐ ವ್ಯಾಪ್ತಿಗೆ ಒಳಪಟ್ಟವರು ಅದೇ ಗಾಯಕ್ಕೆ ಮಾಲೀಕನಿಂದ ಪ್ರತ್ಯೇಕ ಪರಿಹಾರ ಕೇಳುವಂತಿರಲಿಲ್ಲ. ಹೊರಗಿದ್ದವರಿಗೆ 1923ರ ಕಾಯ್ದೆಯೇ ಗತಿ. ಆದಕಾರಣ ಸೋಂಕಿತ ಕಾರ್ಮಿಕನ ಕುಟುಂಬ ಮೊದಲು ತಿಳಿಯಬೇಕಾಗಿದ್ದ ಸಂಗತಿ ಒಂದೇ: ಆತನ ಹೆಸರಿನಲ್ಲಿ ಇಎಸ್‌ಐ ವಂತಿಗೆ ಕಟ್ಟಲಾಗುತ್ತಿತ್ತೇ, ಇಲ್ಲವೇ?

ರೋಗವೂ ಅಪಘಾತವಾಗುವುದು ಹೇಗೆ?

ಕಾನೂನು ಹೇಳುವುದು 'ಉದ್ಯೋಗದಿಂದ ಮತ್ತು ಉದ್ಯೋಗದ ಅವಧಿಯಲ್ಲಿ ಉಂಟಾದ' ಗಾಯದ ಬಗ್ಗೆ. ರೋಗ ಈ ವ್ಯಾಖ್ಯೆಗೆ ಸುಲಭವಾಗಿ ಒಗ್ಗುವುದಿಲ್ಲ. ಈ ತೊಡಕನ್ನು ನಿವಾರಿಸಲೆಂದೇ ಎರಡೂ ಕಾಯ್ದೆಗಳ ಮೂರನೇ ಅನುಸೂಚಿಯಲ್ಲಿ ಔದ್ಯೋಗಿಕ ರೋಗಗಳ ಪಟ್ಟಿಯನ್ನು ನೀಡಲಾಗಿತ್ತು.

ಆ ಪಟ್ಟಿಯ 'ಎ' ಭಾಗದ ಮೊದಲ ನಮೂದೇ ಸಾಂಕ್ರಾಮಿಕ ರೋಗಗಳದ್ದು. ಸೋಂಕು ತಗಲುವ ವಿಶೇಷ ಅಪಾಯವಿರುವ ಉದ್ಯೋಗದಲ್ಲಿ ಬರುವ ರೋಗ ಎಂಬುದು ಅದರ ಸಾರ. ಆರೋಗ್ಯ ಸೇವೆ, ಪ್ರಯೋಗಾಲಯ, ಪಶುವೈದ್ಯಕೀಯ ಕೆಲಸಗಳು ಅಲ್ಲಿ ಸ್ಪಷ್ಟವಾಗಿ ಉಲ್ಲೇಖಗೊಂಡಿದ್ದವು. ಜೊತೆಗೆ 'ಸೋಂಕಿನ ವಿಶೇಷ ಅಪಾಯವಿರುವ ಇತರ ಕೆಲಸ' ಎಂಬ ತೆರೆದ ಬಾಗಿಲೂ ಇತ್ತು.

'ಎ' ಭಾಗದ ರೋಗಗಳಿಗೆ ಇಂತಿಷ್ಟೇ ತಿಂಗಳು ಸೇವೆ ಸಲ್ಲಿಸಿರಬೇಕೆಂಬ ಷರತ್ತು ಇರಲಿಲ್ಲ ಎಂಬುದು ಗಮನಾರ್ಹ. ರೋಗ ಪಟ್ಟಿಯಲ್ಲಿದ್ದು, ಕೆಲಸವೂ ಅದಕ್ಕೆ ಹೊಂದುವಂತಿದ್ದರೆ ಅದು ಉದ್ಯೋಗದಿಂದಲೇ ಬಂದಿತೆಂದು ಭಾವಿಸಲಾಗುತ್ತಿತ್ತು. ಅಲ್ಲವೆಂದು ಸಾಧಿಸುವ ಭಾರ ಎದುರು ಪಕ್ಷದ್ದು. ಹೀಗಾಗಿ ಕೋವಿಡ್ ವಾರ್ಡಿನ ಶುಶ್ರೂಷಕಿ, ಗಂಟಲು ದ್ರವ ಸಂಗ್ರಹಿಸಿದ ತಂತ್ರಜ್ಞ ಇವರ ಪರವಾಗಿ ಕಾನೂನು ಮೊದಲಿನಿಂದಲೇ ನಿಂತಿತ್ತು.

ಸಿದ್ಧ ಉಡುಪು ಕಾರ್ಖಾನೆಯಲ್ಲಿ ಹೊಲಿಯುವ ಮಹಿಳೆ, ದಿನಸಿ ಮಳಿಗೆಯ ಸಹಾಯಕ, ಬ್ಯಾಂಕಿನ ಕಾವಲುಗಾರ ಇವರ ಸ್ಥಿತಿ ಬೇರೆ. ತಮ್ಮ ಕೆಲಸದಲ್ಲೂ 'ವಿಶೇಷ ಅಪಾಯ' ಇತ್ತೆಂಬುದನ್ನು ಅವರೇ ತೋರಿಸಿಕೊಡಬೇಕಿತ್ತು. ಊರಿಡೀ ಸೋಂಕು ಹಬ್ಬಿರುವಾಗ ಇದು ಸುಲಭದ ಮಾತಲ್ಲ.

ಲಾಕ್‌ಡೌನ್ ಕಾಲದ ಸಡಿಲಿಕೆಗಳು

2020ರ ಮಾರ್ಚ್ 25ರಿಂದ ದೇಶವ್ಯಾಪಿ ಲಾಕ್‌ಡೌನ್ ಜಾರಿಯಾಯಿತು. ಇಎಸ್‌ಐ ಆಸ್ಪತ್ರೆಗಳ ಪೈಕಿ ಹಲವನ್ನು ಕೋವಿಡ್ ಚಿಕಿತ್ಸೆಗೆ ಮೀಸಲಿಡಲಾಯಿತು. ಇದರಿಂದ ವಿಚಿತ್ರವಾದ ಇಕ್ಕಟ್ಟೊಂದು ಎದುರಾಯಿತು. ಡಯಾಲಿಸಿಸ್, ಕ್ಯಾನ್ಸರ್, ಹೃದ್ರೋಗ, ಹೆರಿಗೆ ಮುಂತಾದ ಕಾರಣಗಳಿಗೆ ಅದೇ ಆಸ್ಪತ್ರೆಯನ್ನು ನಂಬಿದ್ದ ಕಾರ್ಮಿಕರು ಎಲ್ಲಿಗೆ ಹೋಗಬೇಕು? ಇದಕ್ಕೆ ಉತ್ತರವಾಗಿ ನಿಗಮ ಕೈಗೊಂಡ ಮುಖ್ಯ ಕ್ರಮಗಳು ಹೀಗಿದ್ದವು:

* ಸಮೀಪದ ಇಎಸ್‌ಐ ಆಸ್ಪತ್ರೆ ಕೋವಿಡ್‌ಗೆ ಮೀಸಲಾಗಿದ್ದಲ್ಲಿ, ಶಿಫಾರಸು ಪತ್ರವಿಲ್ಲದೆಯೇ ಒಡಂಬಡಿಕೆಯ ಖಾಸಗಿ ಆಸ್ಪತ್ರೆಗೆ ನೇರವಾಗಿ ಹೋಗಲು ಅವಕಾಶ.

* ಔಷಧಾಲಯಕ್ಕೆ ಬರಲಾಗದವರು ಖಾಸಗಿ ಅಂಗಡಿಯಲ್ಲಿ ಔಷಧ ಕೊಂಡು, ನಂತರ ಬಿಲ್ ಸಲ್ಲಿಸಿ ಹಣ ಮರಳಿ ಪಡೆಯುವ ವ್ಯವಸ್ಥೆ.

* 2020ರ ಫೆಬ್ರವರಿ ಮತ್ತು ಮಾರ್ಚ್ ತಿಂಗಳ ವಂತಿಗೆ ಪಾವತಿಗೆ ಮೇ 15ರವರೆಗೆ ಕಾಲಾವಕಾಶ.

* ಲಾಕ್‌ಡೌನ್ ಕಾರಣ ವಾರ್ಷಿಕ ಶುಲ್ಕ ಕಟ್ಟಲಾಗದೆ ಕಾರ್ಡಿನ ಅವಧಿ ಮುಗಿದಿದ್ದ ನಿವೃತ್ತರಿಗೆ, ಅಂಗವಿಕಲರಿಗೆ ವೈದ್ಯಕೀಯ ಸೌಲಭ್ಯದ ಮುಂದುವರಿಕೆ.

2021ರ ಎರಡನೇ ಅಲೆಯಲ್ಲಿ ಹಾಸಿಗೆಗಳ ಕೊರತೆ ತೀವ್ರವಾದಾಗ, ತನ್ನ ಪ್ರತಿ ಆಸ್ಪತ್ರೆಯಲ್ಲಿಯೂ ಕನಿಷ್ಠ ಶೇ. 20ರಷ್ಟು ಹಾಸಿಗೆಗಳನ್ನು ವಿಮಾದಾರರು, ಅವರ ಕುಟುಂಬದವರು ಮತ್ತು ಸಿಬ್ಬಂದಿಯ ಕೋವಿಡ್ ಚಿಕಿತ್ಸೆಗೆ ಕಾದಿರಿಸಲು ನಿಗಮ ಸೂಚಿಸಿತು.

ಕರ್ನಾಟಕದಲ್ಲಿ ಬೆಂಗಳೂರಿನ ರಾಜಾಜಿನಗರ ಮತ್ತು ಪೀಣ್ಯ ಆಸ್ಪತ್ರೆಗಳನ್ನೂ ಕಲಬುರಗಿಯ ವೈದ್ಯಕೀಯ ಕಾಲೇಜು ಆಸ್ಪತ್ರೆಯನ್ನೂ ನಡೆಸುವುದು ನೇರವಾಗಿ ನಿಗಮವೇ. ಇಂದಿರಾನಗರ, ಹುಬ್ಬಳ್ಳಿ, ಮೈಸೂರು, ದಾವಣಗೆರೆ, ಮಂಗಳೂರು ಮುಂತಾದೆಡೆಯ ಆಸ್ಪತ್ರೆಗಳು ರಾಜ್ಯ ಸರ್ಕಾರದ ಆಡಳಿತದಲ್ಲಿ ಬೆಳೆದು ಬಂದವು. ದೇಶದ ಮೊದಲ ಕೋವಿಡ್ ಸಾವು 2020ರ ಮಾರ್ಚ್‌ನಲ್ಲಿ ಕಲಬುರಗಿಯ ವೃದ್ಧರೊಬ್ಬರದು. ಹೀಗಾಗಿ ರಾಜ್ಯದ ಈ ಆಸ್ಪತ್ರೆಗಳ ಮೇಲೆ ಒತ್ತಡ ಆರಂಭದ ದಿನಗಳಿಂದಲೇ ಬಿದ್ದಿತು.

ಕಾಯಿಲೆಯೋ, ಉದ್ಯೋಗದ ಗಾಯವೋ?

ಇಎಸ್‌ಐ ವಿಮಾದಾರನಿಗೆ ಚಿಕಿತ್ಸೆಯ ಮಟ್ಟಿಗೆ ಈ ಭೇದ ಅಷ್ಟು ಮುಖ್ಯವಲ್ಲ. ರೋಗ ಎಲ್ಲಿಂದ ಬಂದರೂ ವೈದ್ಯಕೀಯ ಆರೈಕೆ ಆತನ ಹಕ್ಕು. ಭೇದ ಕಾಣುವುದು ಕೈಗೆ ಬರುವ ನಗದಿನಲ್ಲಿ.

ಕೋವಿಡ್‌ನ್ನು ಸಾಮಾನ್ಯ ಕಾಯಿಲೆ ಎಂದು ಪರಿಗಣಿಸಿದರೆ ಅನಾರೋಗ್ಯ ಸೌಲಭ್ಯ ಅನ್ವಯ. ಇದು ಸರಾಸರಿ ದಿನಗೂಲಿಯ ಶೇ. 70. ವರ್ಷಕ್ಕೆ ಗರಿಷ್ಠ 91 ದಿನ. ಸಂಬಂಧಪಟ್ಟ ವಂತಿಗೆ ಅವಧಿಯಲ್ಲಿ 78 ದಿನಗಳ ವಂತಿಗೆ ಸಂದಿರಬೇಕು. ಉದ್ಯೋಗದ ಗಾಯ ಎಂದು ಪರಿಗಣಿಸಿದರೆ ತಾತ್ಕಾಲಿಕ ಅಸಮರ್ಥತೆ ಸೌಲಭ್ಯ ಅನ್ವಯ. ಇದು ಶೇ. 90. ಅಸಮರ್ಥತೆ ಇರುವವರೆಗೂ ಸಲ್ಲುತ್ತದೆ. ಕೆಲಸಕ್ಕೆ ಸೇರಿದ ಮೊದಲ ದಿನದಿಂದಲೇ ಅರ್ಹತೆ.

ಸರಾಸರಿ ದಿನಗೂಲಿ 500 ರೂಪಾಯಿ ಇರುವ ಕಾರ್ಮಿಕನಿಗೆ ಮೊದಲನೆಯದರಲ್ಲಿ ದಿನಕ್ಕೆ 350 ರೂಪಾಯಿ, ಎರಡನೆಯದರಲ್ಲಿ 450 ರೂಪಾಯಿ. ಚೇತರಿಕೆಗೆ ಎರಡು ವಾರ ಸಾಕಾದವನಿಗೆ ಈ ಅಂತರ ಸಣ್ಣದು. ಶ್ವಾಸಕೋಶ ಹಾನಿಗೊಂಡು ಆರು ತಿಂಗಳು ದುಡಿಯಲಾಗದವನಿಗೆ ಹಾಗಲ್ಲ. ನಿಜವಾದ ಕಂದರ ಇರುವುದು ಸಾವಿನ ಪ್ರಕರಣದಲ್ಲಿ. ಉದ್ಯೋಗದ ಗಾಯದಿಂದ ಸತ್ತರೆ ಅವಲಂಬಿತರಿಗೆ ಮಾಸಿಕ ಪಿಂಚಣಿ ಉಂಟು. ಕಾಯಿಲೆಯಿಂದ ಸತ್ತರೆ ನಿಗಮದಿಂದ ಕುಟುಂಬಕ್ಕೆ ಸಿಗುತ್ತಿದ್ದ ನಗದು ಅಂತ್ಯಕ್ರಿಯೆ ವೆಚ್ಚ ಮಾತ್ರ. ಕೋವಿಡ್ ಕಾಲದಲ್ಲಿ ಅದು 15,000 ರೂಪಾಯಿ ಇತ್ತು.

ಪ್ರಶ್ನೆಯನ್ನೇ ಬದಿಗಿಟ್ಟ ಯೋಜನೆ

ಈ ಕಂದರವನ್ನು ಮುಚ್ಚಲು ಕೇಂದ್ರ ಸರ್ಕಾರ 2021ರ ಜೂನ್ 3ರಂದು ಇಎಸ್‌ಐ ಕೋವಿಡ್-19 ಪರಿಹಾರ ಯೋಜನೆಯನ್ನು ಅಧಿಸೂಚಿಸಿತು. 2020ರ ಮಾರ್ಚ್ 24ರಿಂದ ಪೂರ್ವಾನ್ವಯವಾಗುವಂತೆ ಎರಡು ವರ್ಷಗಳ ಅವಧಿಗೆ ಇದನ್ನು ರೂಪಿಸಲಾಯಿತು.

ಸೋಂಕು ಎಲ್ಲಿ ತಗುಲಿತು ಎಂಬ ಪ್ರಶ್ನೆಯನ್ನೇ ಕೇಳದಿರುವುದು ಈ ಯೋಜನೆಯ ಹಿರಿಮೆ. ಕೋವಿಡ್‌ನಿಂದ ಮೃತಪಟ್ಟ ವಿಮಾದಾರನ ಅವಲಂಬಿತರಿಗೆ ಸರಾಸರಿ ದಿನಗೂಲಿಯ ಶೇ. 90ರಷ್ಟನ್ನು, ಕನಿಷ್ಠ ಮಾಸಿಕ 1,800 ರೂಪಾಯಿಯಂತೆ ನೀಡಲು ತೀರ್ಮಾನಿಸಲಾಯಿತು. ಗುಣಮುಖನಾದ 30 ದಿನಗಳೊಳಗೆ ಸಂಭವಿಸಿದ ಸಾವೂ ಸೇರಿತ್ತು. ಮೃತನ ಪತ್ನಿ ಅಥವಾ ಪತಿ ವರ್ಷಕ್ಕೆ 120 ರೂಪಾಯಿ ಕಟ್ಟಿ ವೈದ್ಯಕೀಯ ಸೌಲಭ್ಯವನ್ನೂ ಮುಂದುವರಿಸಿಕೊಳ್ಳಬಹುದಿತ್ತು.

ಷರತ್ತುಗಳು ಎರಡು. ರೋಗ ಪತ್ತೆಯಾಗುವುದಕ್ಕೆ ಕನಿಷ್ಠ ಮೂರು ತಿಂಗಳು ಮೊದಲೇ ನಿಗಮದ ಅಂತರ್ಜಾಲ ದಾಖಲೆಯಲ್ಲಿ ಕಾರ್ಮಿಕನ ಹೆಸರು ನೋಂದಣಿಯಾಗಿರಬೇಕು. ರೋಗ ಪತ್ತೆಯಾದ ದಿನ ಆತ ಉದ್ಯೋಗದಲ್ಲಿದ್ದು, ಹಿಂದಿನ ಒಂದು ವರ್ಷದೊಳಗೆ ಕನಿಷ್ಠ 70 ದಿನಗಳ ವಂತಿಗೆ ಸಂದಿರಬೇಕು ಅಥವಾ ಸಲ್ಲಬೇಕಿರಬೇಕು. ಈ 70 ದಿನಗಳ ಷರತ್ತನ್ನು ಮುಂದೆ 35 ದಿನಗಳಿಗೆ ಇಳಿಸಲಾಯಿತು.

ಕೆಲಸ ಕಳೆದುಕೊಂಡವರಿಗಾಗಿ 2018ರಲ್ಲಿ ಆರಂಭವಾಗಿದ್ದ ಅಟಲ್ ವಿಮಿತ ವ್ಯಕ್ತಿ ಕಲ್ಯಾಣ ಯೋಜನೆಯನ್ನೂ ಇದೇ ಸಂದರ್ಭದಲ್ಲಿ ಸಡಿಲಿಸಲಾಯಿತು. 2020ರ ಮಾರ್ಚ್ 24ರ ನಂತರದ ನಿರುದ್ಯೋಗಕ್ಕೆ ನೆರವಿನ ದರವನ್ನು ಸರಾಸರಿ ದಿನಗೂಲಿಯ ಶೇ. 25ರಿಂದ ಶೇ. 50ಕ್ಕೆ ಏರಿಸಲಾಯಿತು. ಗರಿಷ್ಠ 90 ದಿನ. ಅರ್ಜಿಯನ್ನು ಹಳೆಯ ಮಾಲೀಕನ ಮೂಲಕವೇ ಸಲ್ಲಿಸಬೇಕೆಂಬ ಕಟ್ಟುಪಾಡನ್ನೂ ಕೈಬಿಡಲಾಯಿತು. ಬಾಗಿಲು ಮುಚ್ಚಿದ ಕಾರ್ಖಾನೆಯ ಮಾಲೀಕನನ್ನು ಹುಡುಕಿಕೊಂಡು ಹೋಗುವುದು ಸಾಧ್ಯವಿಲ್ಲದ ದಿನಗಳಲ್ಲಿ ಇದೇನೂ ಸಣ್ಣ ಅನುಕೂಲವಲ್ಲ.

ಇಎಸ್‌ಐ ಹೊರಗಿದ್ದವರ ಲೆಕ್ಕ

ವೇತನ 21,000 ರೂಪಾಯಿ ದಾಟಿದವರು, ಹತ್ತಕ್ಕಿಂತ ಕಡಿಮೆ ಜನರಿರುವ ಸಂಸ್ಥೆಗಳಲ್ಲಿ ದುಡಿಯುವವರು ಇಎಸ್‌ಐ ಹೊರಗುಳಿದಿದ್ದರು. ಇವರಲ್ಲಿ 1923ರ ಕಾಯ್ದೆಯ ಪಟ್ಟಿಯಲ್ಲಿನ ಉದ್ಯೋಗಗಳಲ್ಲಿದ್ದವರಿಗೆ ಮಾಲೀಕನಿಂದ ಪರಿಹಾರ ಕೇಳುವ ಹಕ್ಕಿತ್ತು.

ಉದಾಹರಣೆಗೆ ಚಿಕ್ಕ ಸಂಸ್ಥೆಯೊಂದರ ಆಂಬುಲೆನ್ಸ್ ಚಾಲಕನನ್ನು ಊಹಿಸಿಕೊಳ್ಳಬಹುದು. ವಯಸ್ಸು 35, ಸಂಬಳ 18,000 ರೂಪಾಯಿ. ಸೋಂಕಿತರನ್ನು ಸಾಗಿಸುತ್ತಿದ್ದ ಆತ ಕೋವಿಡ್‌ನಿಂದ ಮೃತಪಟ್ಟಿದ್ದಾನೆ. 2020ರ ಜನವರಿ 3ರಿಂದ ಈ ಕಾಯ್ದೆಯ ಲೆಕ್ಕಾಚಾರಕ್ಕೆ ಗರಿಷ್ಠ ಮಾಸಿಕ ವೇತನ 15,000 ರೂಪಾಯಿ ಎಂದು ನಿಗದಿಯಾಗಿತ್ತು. ಅದರ ಅರ್ಧ 7,500. ಮೂವತ್ತೈದನೇ ವಯಸ್ಸಿಗೆ ಅನುಸೂಚಿಯಲ್ಲಿದ್ದ ಗುಣಕ 197.06. ಇವೆರಡನ್ನೂ ಗುಣಿಸಿದರೆ 14,77,950 ರೂಪಾಯಿ. ಇದು ಮಾಲೀಕ ಕೊಡಬೇಕಾದ ಪರಿಹಾರ. ಚಿಕಿತ್ಸೆಗೆ ತಗುಲಿದ ವಾಸ್ತವ ವೆಚ್ಚ ಇದಕ್ಕೆ ಹೊರತು.

ಬಾಕಿಯಾದ ದಿನದಿಂದ ಒಂದು ತಿಂಗಳೊಳಗೆ ಪರಿಹಾರ ಸಲ್ಲದಿದ್ದರೆ ಶೇ. 12ರ ಬಡ್ಡಿ. ವಿಳಂಬಕ್ಕೆ ಸಮರ್ಥನೆ ಇಲ್ಲದಿದ್ದಲ್ಲಿ ಪರಿಹಾರದ ಶೇ. 50ರವರೆಗೆ ದಂಡ. ಗುತ್ತಿಗೆದಾರನ ಮೂಲಕ ನೇಮಕಗೊಂಡವರ ವಿಷಯದಲ್ಲಿ ಮೂಲ ಮಾಲೀಕನೂ ಹೊಣೆಗಾರ. ಕಾಗದದ ಮೇಲೆ ಇದು ಬಲವಾದ ರಕ್ಷಣೆ. ಆದರೆ ಮಾಲೀಕ ವಿಮೆ ಮಾಡಿಸಿರದಿದ್ದರೆ, ಮಹಾಮಾರಿಯಿಂದ ಆತನ ಉದ್ಯಮವೇ ಕುಸಿದಿದ್ದರೆ ಆದೇಶ ಬಂದರೂ ಹಣ ಬರುವುದು ದುಸ್ತರ. ಇಎಸ್‌ಐಗೂ ಈ ಕಾಯ್ದೆಗೂ ಇದ್ದ ಮೂಲಭೂತ ವ್ಯತ್ಯಾಸ ಇದು. ಅಲ್ಲಿ ಸಾಮೂಹಿಕ ನಿಧಿ ಹೊಣೆ ಹೊರುತ್ತದೆ, ಇಲ್ಲಿ ಒಬ್ಬನ ಜೇಬು.

ಆಸ್ಪತ್ರೆಯ ಬಿಲ್ಲು ಮತ್ತು ದರ ನಿಯಂತ್ರಣ

ವೆಚ್ಚ ಮರುಪಾವತಿಯ ಯಾವುದೇ ವ್ಯವಸ್ಥೆಗೂ ಚಿಕಿತ್ಸೆಯ ದರ ಹಿಡಿತದಲ್ಲಿರುವುದು ಅಗತ್ಯ. ರಾಜ್ಯ ಸರ್ಕಾರ 2020ರ ಜೂನ್‌ನಲ್ಲಿ ಖಾಸಗಿ ಆಸ್ಪತ್ರೆಗಳ ಕೋವಿಡ್ ಚಿಕಿತ್ಸೆಗೆ ದರಮಿತಿ ಹೇರಿತು. ಸರ್ಕಾರವೇ ಕಳುಹಿಸಿದ ರೋಗಿಗೆ ಸಾಮಾನ್ಯ ವಾರ್ಡಿನಲ್ಲಿ ದಿನಕ್ಕೆ 5,200 ರೂಪಾಯಿ, ವೆಂಟಿಲೇಟರ್ ಸಹಿತ ತೀವ್ರ ನಿಗಾ ಘಟಕದಲ್ಲಿ 10,000 ರೂಪಾಯಿ. ನೇರವಾಗಿ ದಾಖಲಾದವರಿಗೆ ಇದೇ ದರಗಳು 10,000 ಮತ್ತು 25,000 ರೂಪಾಯಿ.

ಇದರ ಅರ್ಥ ಸರಳ. ದಿನಕ್ಕೆ 500 ರೂಪಾಯಿ ದುಡಿಯುವವನು ನೇರವಾಗಿ ಖಾಸಗಿ ಆಸ್ಪತ್ರೆ ಸೇರಿ ವೆಂಟಿಲೇಟರ್ ಮೇಲೆ ಒಂದು ದಿನ ಕಳೆದರೆ, ಆ ಬಿಲ್ಲು ಐವತ್ತು ದಿನಗಳ ಕೂಲಿಗೆ ಸಮ. ವೈದ್ಯಕೀಯ ಸೌಲಭ್ಯದ ಹಕ್ಕು ಇದ್ದವನಿಗೂ ಇಲ್ಲದವನಿಗೂ ನಡುವಿನ ದೂರ ಎಷ್ಟೆಂಬುದಕ್ಕೆ ಬೇರೆ ವಿವರಣೆ ಬೇಕಿಲ್ಲ.

ಆರೋಗ್ಯ ಕಾರ್ಯಕರ್ತರಿಗೆ ಪ್ರತ್ಯೇಕ ವಿಮೆ

ಪ್ರಧಾನಮಂತ್ರಿ ಗರೀಬ್ ಕಲ್ಯಾಣ್ ಪ್ಯಾಕೇಜ್ ಅಡಿಯಲ್ಲಿ 2020ರ ಮಾರ್ಚ್ 30ರಿಂದ ಸುಮಾರು 22.12 ಲಕ್ಷ ಆರೋಗ್ಯ ಕಾರ್ಯಕರ್ತರಿಗೆ ತಲಾ 50 ಲಕ್ಷ ರೂಪಾಯಿಯ ವಿಮೆ ಒದಗಿಸಲಾಯಿತು. ಕೋವಿಡ್ ರೋಗಿಗಳ ನೇರ ಸಂಪರ್ಕಕ್ಕೆ ಬಂದವರು ಇದರ ಫಲಾನುಭವಿಗಳು. ಆಶಾ ಕಾರ್ಯಕರ್ತೆಯರು, ಗುತ್ತಿಗೆ ಮತ್ತು ದಿನಗೂಲಿ ಸಿಬ್ಬಂದಿ, ಸರ್ಕಾರ ಕೋವಿಡ್ ಕೆಲಸಕ್ಕೆ ಕರೆಸಿಕೊಂಡ ಖಾಸಗಿ ಸಿಬ್ಬಂದಿಗೂ ಅವಕಾಶವಿತ್ತು. ವಯೋಮಿತಿ ಇರಲಿಲ್ಲ. ಬೇರೆ ವಿಮೆಯಿಂದ ಬರುವ ಹಣಕ್ಕೆ ಇದು ಹೆಚ್ಚುವರಿ. ಆದರೆ ಇದು ಸಾವಿಗೆ ಮಾತ್ರ ಅನ್ವಯ. ಸೋಂಕು ತಗುಲಿ ಬದುಕಿ ಉಳಿದವರ ಚಿಕಿತ್ಸೆ, ನಷ್ಟವಾದ ವೇತನ ಇದರ ಪರಿಧಿಗೆ ಬರಲಿಲ್ಲ.

ಸುಪ್ರೀಂ ಕೋರ್ಟ್ 2021ರ ಜೂನ್ 30ರಂದು ನೀಡಿದ ತೀರ್ಪಿನ ಪರಿಣಾಮವಾಗಿ ಕೋವಿಡ್‌ನಿಂದ ಮೃತಪಟ್ಟ ಪ್ರತಿಯೊಬ್ಬರ ಕುಟುಂಬಕ್ಕೂ 50,000 ರೂಪಾಯಿಯ ಅನುಗ್ರಹ ಪರಿಹಾರ ನಿಗದಿಯಾಯಿತು. ಕರ್ನಾಟಕ ಸರ್ಕಾರ ಬಡತನ ರೇಖೆಗಿಂತ ಕೆಳಗಿನ ಕುಟುಂಬಗಳಿಗೆ ಪ್ರತ್ಯೇಕವಾಗಿ ಒಂದು ಲಕ್ಷ ರೂಪಾಯಿ ಪ್ರಕಟಿಸಿತು. ಇವು ಉದ್ಯೋಗಕ್ಕೆ ಸಂಬಂಧಿಸಿದ ಪರಿಹಾರಗಳಲ್ಲವಾದರೂ, ಯಾವ ವಿಮೆಯೂ ಇಲ್ಲದ ಅಸಂಘಟಿತ ಕಾರ್ಮಿಕರ ಪಾಲಿಗೆ ಬಹುಮಟ್ಟಿಗೆ ಇದ್ದ ನೆರವು ಇಷ್ಟೇ.

ಬೇರೆ ದೇಶಗಳು ಏನು ಮಾಡಿದವು?

ಇಟಲಿ 2020ರ ಮಾರ್ಚ್‌ನಲ್ಲಿಯೇ ಸುಗ್ರೀವಾಜ್ಞೆ ಹೊರಡಿಸಿ, ಕೆಲಸದ ವೇಳೆ ತಗುಲಿದ ಕೋವಿಡ್ ಸೋಂಕನ್ನು ಔದ್ಯೋಗಿಕ ಅಪಘಾತವೆಂದು ಪರಿಗಣಿಸಿತು. ಪ್ರತ್ಯೇಕವಾಸದ ದಿನಗಳೂ ಇದರಲ್ಲಿ ಸೇರಿದ್ದವು.

ಅಮೆರಿಕದ ಕ್ಯಾಲಿಫೋರ್ನಿಯಾ ರಾಜ್ಯ 2020ರ ಸೆಪ್ಟೆಂಬರ್‌ನಲ್ಲಿ ಕಾನೂನನ್ನೇ ತಂದಿತು. ಆರೋಗ್ಯ, ಅಗ್ನಿಶಾಮಕ, ಪೊಲೀಸ್ ಮುಂತಾದ ಸೇವೆಯವರಿಗೆ ಸೋಂಕು ತಗುಲಿದರೆ ಅದು ಕೆಲಸದಿಂದಲೇ ಬಂದಿತೆಂಬ ಪೂರ್ವಭಾವನೆ. ಉಳಿದವರಿಗೆ ಅಂಕಿಗಳ ಅಳತೆಗೋಲು. ನೂರು ಅಥವಾ ಅದಕ್ಕಿಂತ ಕಡಿಮೆ ನೌಕರರಿರುವ ಸ್ಥಳದಲ್ಲಿ 14 ದಿನಗಳೊಳಗೆ ನಾಲ್ವರಿಗೆ, ಅದಕ್ಕೂ ಹೆಚ್ಚಿದ್ದಲ್ಲಿ ಶೇ. 4ರಷ್ಟು ಮಂದಿಗೆ ಸೋಂಕು ಕಂಡುಬಂದರೆ ಅದೇ ಪೂರ್ವಭಾವನೆ ಅನ್ವಯ. ವಿಮಾ ಸಂಸ್ಥೆಗಳು ತೀರ್ಮಾನ ಕೈಗೊಳ್ಳುವ 90 ದಿನಗಳ ಗಡುವನ್ನು ಮೊದಲ ವರ್ಗಕ್ಕೆ 30, ಎರಡನೆಯದಕ್ಕೆ 45 ದಿನಗಳಿಗೆ ಇಳಿಸಲಾಯಿತು. ಈ ವಿಶೇಷ ನಿಯಮ 2024ರ ಜನವರಿ 1ಕ್ಕೆ ಕೊನೆಗೊಂಡಿತು.

ಒಂದೇ ಕಾರ್ಖಾನೆಯಲ್ಲಿ ಸಾಲುಸಾಲಾಗಿ ಸೋಂಕು ಹರಡಿದಾಗ, 'ಎಲ್ಲಿಂದ ಬಂತು' ಎಂಬ ಪ್ರಶ್ನೆಗೆ ಅಂಕಿಗಳೇ ಉತ್ತರ ಹೇಳಲಿ ಎಂಬ ಈ ವಿಧಾನ ನಮ್ಮ ಉಡುಪು ಕಾರ್ಖಾನೆಗಳ ಕಾರ್ಮಿಕರಂಥವರಿಗೆ ಆಸರೆಯಾಗಬಲ್ಲದು.

ಕಾಲಮಿತಿ ಮತ್ತು ಹೊಸ ಸಂಹಿತೆ

1923ರ ಕಾಯ್ದೆಯಡಿ ಪರಿಹಾರದ ಅರ್ಜಿಗೆ ಎರಡು ವರ್ಷಗಳ ಗಡುವಿತ್ತು. ನ್ಯಾಯಾಲಯಗಳ ಕಲಾಪ ಅಸ್ತವ್ಯಸ್ತವಾಗಿದ್ದ ಕಾರಣ 2020ರ ಮಾರ್ಚ್ 15ರಿಂದ 2022ರ ಫೆಬ್ರವರಿ 28ರವರೆಗಿನ ಅವಧಿಯನ್ನು ಕಾಲಮಿತಿಯ ಎಣಿಕೆಯಿಂದ ಕೈಬಿಡುವಂತೆ ಸುಪ್ರೀಂ ಕೋರ್ಟ್ ಆದೇಶಿಸಿತು. ತನ್ಮೂಲಕ ಅನೇಕರ ಹಕ್ಕು ಉಳಿಯಿತು.

2025ರ ನವೆಂಬರ್ 21ರಂದು ನಾಲ್ಕು ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದವು. ಇವುಗಳ ಪೈಕಿ 2020ರ ಸಾಮಾಜಿಕ ಭದ್ರತಾ ಸಂಹಿತೆಯು ಇಎಸ್‌ಐ ಹಾಗೂ ನೌಕರರ ಪರಿಹಾರ ಕಾಯ್ದೆಗಳೆರಡನ್ನೂ ತನ್ನೊಳಗೆ ಸೇರಿಸಿಕೊಂಡಿದೆ. ಔದ್ಯೋಗಿಕ ರೋಗಗಳ ಪಟ್ಟಿ ಇಲ್ಲಿಯೂ ಮೂರನೇ ಅನುಸೂಚಿಯಲ್ಲಿದೆ. ವೇದಿಕೆ ಆಧಾರಿತ ಗಿಗ್ ಕಾರ್ಮಿಕರನ್ನು ಸಾಮಾಜಿಕ ಭದ್ರತೆಯ ಚೌಕಟ್ಟಿನೊಳಗೆ ತರುವ ಪ್ರಯತ್ನವೂ ಇದೆ. ಕರ್ನಾಟಕ 2025ರಲ್ಲಿ ಇದೇ ವರ್ಗಕ್ಕಾಗಿ ಪ್ರತ್ಯೇಕ ಕಾನೂನು ರೂಪಿಸಿದೆ. ಲಾಕ್‌ಡೌನ್ ದಿನಗಳಲ್ಲಿ ಮನೆಮನೆಗೆ ಆಹಾರ, ಔಷಧ ತಲುಪಿಸಿದವರು ಎರಡೂ ಹಳೆಯ ಕಾಯ್ದೆಗಳ ಹೊರಗೆ ಉಳಿದಿದ್ದರು ಎಂಬುದನ್ನು ನೆನೆದರೆ ಇದರ ಮಹತ್ವ ಅರಿವಾಗುತ್ತದೆ.

ಕಾರ್ಮಿಕರು ಗಮನಿಸಬೇಕಾದ ಅಂಶಗಳು

* ಇಎಸ್‌ಐ ವಿಮಾ ಸಂಖ್ಯೆ ತಿಳಿದಿರಲಿ. ಸಂಬಳದಿಂದ ಕಡಿತವಾದ ವಂತಿಗೆ ನಿಗಮಕ್ಕೆ ಸಂದಿದೆಯೇ ಎಂಬುದನ್ನು ಆಗಾಗ್ಗೆ ಪರಿಶೀಲಿಸುವುದು ಒಳಿತು.

* ಪತ್ನಿ, ಮಕ್ಕಳು, ತಂದೆ ತಾಯಿಯ ಹೆಸರು ದಾಖಲೆಯಲ್ಲಿ ಸರಿಯಾಗಿ ನಮೂದಾಗಿರಲಿ. ಆಧಾರ್ ಮತ್ತು ಬ್ಯಾಂಕ್ ಖಾತೆಯ ಹೆಸರಿನಲ್ಲಿ ವ್ಯತ್ಯಾಸ ಬೇಡ.

* ಪರೀಕ್ಷಾ ವರದಿ, ದಾಖಲಾತಿ ಮತ್ತು ಬಿಡುಗಡೆ ಪತ್ರ, ಔಷಧ ಚೀಟಿ, ಮೂಲ ಬಿಲ್ಲುಗಳನ್ನು ಜೋಪಾನ ಮಾಡಬೇಕು.

* ಸಾವಿನ ಪ್ರಕರಣದಲ್ಲಿ ಮರಣದ ಕಾರಣ ದಾಖಲಾದ ವೈದ್ಯಕೀಯ ಪ್ರಮಾಣ ಪತ್ರ ಅತಿ ಮುಖ್ಯ.

* ಸೋಂಕಿನ ವಿಷಯವನ್ನು ಮಾಲೀಕನಿಗೆ ಲಿಖಿತವಾಗಿ ತಿಳಿಸಬೇಕು. ಆ ದಿನಗಳ ಹಾಜರಾತಿ, ಪಾಳಿ ಪಟ್ಟಿ, ಜೊತೆಗೆ ಸೋಂಕಿತರಾದ ಸಹೋದ್ಯೋಗಿಗಳ ವಿವರ ಮುಂದೆ ಸಾಕ್ಷ್ಯವಾಗಬಲ್ಲವು.

* ಇಎಸ್‌ಐ ವೈದ್ಯರನ್ನು ಕಾಣಲಾಗದಿದ್ದರೆ ಬೇರೆ ವೈದ್ಯರ ಪ್ರಮಾಣ ಪತ್ರವನ್ನು ಪರ್ಯಾಯ ಸಾಕ್ಷ್ಯವಾಗಿ ಸಲ್ಲಿಸಿ ಸ್ಥಳೀಯ ಶಾಖಾ ಕಚೇರಿಯನ್ನು ವಿಚಾರಿಸಬಹುದು.

ಮಹಾಮಾರಿಯ ಕಾಲದಲ್ಲಿ ಬಂದ ಸಡಿಲಿಕೆಗಳು ಆದೇಶಗಳ ರೂಪದಲ್ಲಿ, ಒಂದೊಂದಾಗಿ, ಹಲವು ತಡವಾಗಿ ಬಂದವು. ಕೋವಿಡ್ ಪರಿಹಾರ ಯೋಜನೆಯ ಅಧಿಸೂಚನೆ ಹೊರಬಿದ್ದದ್ದು ಮೊದಲ ಲಾಕ್‌ಡೌನ್ ಜಾರಿಯಾಗಿ ಹದಿನಾಲ್ಕು ತಿಂಗಳಾದ ಮೇಲೆ. ಪೂರ್ವಾನ್ವಯದಿಂದ ಹಣವೇನೋ ಸಂದಾಯವಾದೀತು. ದುಡಿಯುವ ಕೈ ಕಳೆದುಕೊಂಡ ಮನೆ ಆ ಹದಿನಾಲ್ಕು ತಿಂಗಳ ಬಾಡಿಗೆ, ಶಾಲಾ ಶುಲ್ಕ, ದಿನಸಿಗೆ ಮಾಡಿದ ಸಾಲವನ್ನು ಬಡ್ಡಿ ಸಹಿತ ತೀರಿಸಬೇಕು. ಸಾಂಕ್ರಾಮಿಕ ಘೋಷಣೆಯಾದೊಡನೆ ತಾನಾಗಿಯೇ ಜಾರಿಗೆ ಬರುವ ನಿಯಮಗಳನ್ನು ಹೊಸ ಸಂಹಿತೆಯಡಿ ಈಗಲೇ ರೂಪಿಸಿಟ್ಟರೆ, ಮುಂದಿನ ಬಾರಿ ಈ ಕಾಯುವಿಕೆ ತಪ್ಪುತ್ತದೆ.